ಕನ್ಸರ್ವೇಟರಿ ಕೆಡವಿ ಗಟ್ಟಿ ಕೋಣೆ ಕಟ್ಟುವ ಮುನ್ನ: ಇಂಗ್ಲೆಂಡಿನ ನಿಯಮಗಳು ಹಂತ ಹಂತವಾಗಿ

ಇಂಗ್ಲೆಂಡಿನಲ್ಲಿ ಮನೆ ಕೊಂಡ ನಮ್ಮವರಲ್ಲಿ ಎಷ್ಟೋ ಮಂದಿಯ ಹಿತ್ತಲಿಗೆ ಅಂಟಿಕೊಂಡು ಒಂದು ಕನ್ಸರ್ವೇಟರಿ ಇರುತ್ತದೆ. ಗಾಜಿನ ಗೋಡೆ, ಪಾಲಿಕಾರ್ಬೊನೇಟ್ ಚಾವಣಿ. ಜನವರಿಯಲ್ಲಿ ಅಲ್ಲಿ ಕುಳಿತರೆ ಅರ್ಧ ಲೋಟ ಕಾಫಿ ಮುಗಿಯುವುದರೊಳಗೆ ತಣ್ಣಗಾಗುತ್ತದೆ, ಜುಲೈಯಲ್ಲಿ ಕಾಲಿಡಲಾಗದಷ್ಟು ಸೆಕೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಮೆಟ್ಟಿಲು ಹತ್ತದೆ ಮಲಗುವಂಥ ಕೋಣೆ ಬೇಕೆನಿಸುತ್ತದೆ. ಆಗ ಬರುವ ಯೋಚನೆ ಒಂದೇ: ಇದನ್ನು ಕೆಡವಿ ಇಟ್ಟಿಗೆಯ ಕೋಣೆ ಕಟ್ಟಿಸೋಣ.

ಎಡವುವುದೂ ಅಲ್ಲಿಯೇ. ‘ಇದ್ದ ಜಾಗದಲ್ಲೇ ತಾನೇ ಕಟ್ಟುವುದು, ಅನುಮತಿ ಯಾಕೆ?’ ಎಂಬ ಪ್ರಶ್ನೆಯನ್ನು ನಾನು ಹತ್ತಾರು ಬಾರಿ ಕೇಳಿದ್ದೇನೆ. ಕಾನೂನಿನ ಲೆಕ್ಕದಲ್ಲಿ ಕನ್ಸರ್ವೇಟರಿ ಕೆಡವಿದೊಡನೆ ಅದರ ಕಥೆ ಮುಗಿಯಿತು. ಅಲ್ಲಿ ಏಳುವುದು ಹೊಸ ವಿಸ್ತರಣೆ, ಅದನ್ನು ಮೊದಲಿನಿಂದ ಅಳೆಯುತ್ತಾರೆ. ಹಳೆಯದಕ್ಕೆ ಸಿಕ್ಕಿದ್ದ ಅನುಮತಿ ಹೊಸದಕ್ಕೆ ದಾಟಿ ಬರುವುದಿಲ್ಲ. ಇನ್ನೊಂದು ಮಾತು: ಪ್ಲಾನಿಂಗ್ (ಏನು ಕಟ್ಟಬಹುದೆಂಬ ಅನುಮತಿ), ಬಿಲ್ಡಿಂಗ್ ಕಂಟ್ರೋಲ್ (ಕಟ್ಟುವ ಗುಣಮಟ್ಟದ ತಪಾಸಣೆ), ಪಕ್ಕದ ಮನೆಯ ಪಾರ್ಟಿ ವಾಲ್ (ಇಬ್ಬರಿಗೂ ಸೇರಿದ ಗೋಡೆ), ನೀರಿನ ಕಂಪನಿ, ಇವು ನಾಲ್ಕು ಬೇರೆ ಬೇರೆ ಬಾಗಿಲುಗಳು. ಒಂದು ತೆರೆದರೆ ಉಳಿದ ಮೂರು ತಾವಾಗಿ ತೆರೆಯುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ಪ್ಲಾನಿಂಗ್ ನಿಯಮಗಳು ಬೇರೆ.

ಕೈಯಲ್ಲಿ ಇರಬೇಕಾದವು: ಐದು ಮೀಟರ್‌ಗಿಂತ ಉದ್ದದ ಅಳತೆ ಟೇಪು, ಒಂದು ಸನಿಕೆ, ಫೋಟೋ ತೆಗೆಯಲು ಮೊಬೈಲ್, ಭೂ ನೋಂದಣಿ ಕಚೇರಿಯಿಂದ ಪಡೆದ ನಿಮ್ಮ ಮನೆಯ ಟೈಟಲ್ ರಿಜಿಸ್ಟರ್ (ಒಡೆತನದ ದಾಖಲೆ) ಮತ್ತು ಟೈಟಲ್ ಪ್ಲಾನ್ (ನಿವೇಶನದ ನಕ್ಷೆ), ನೀರಿನ ಕಂಪನಿಯ ಒಳಚರಂಡಿ ನಕ್ಷೆ. ಬಿಲ್ಡರ್‌ನ ಅಂದಾಜು ಪಟ್ಟಿ ಈ ಸಾಲಿನಲ್ಲಿಲ್ಲ. ಅದು ಬಹಳ ನಂತರ ಬರಬೇಕಾದದ್ದು.

ಹಂತ 1: ಮನೆಯ ಮೂಲ ಹಿಂಗೋಡೆಯನ್ನು ಹುಡುಕಿ

ಎಲ್ಲ ಅಳತೆಯೂ ‘ಮೂಲ ಮನೆ’ಯಿಂದ ಶುರುವಾಗುತ್ತದೆ. ಮನೆ ಮೊದಲು ಕಟ್ಟಿದಾಗ ಹೇಗಿತ್ತೋ ಅದೇ ಮೂಲ ಮನೆ. 1948ರ ಜುಲೈ 1ಕ್ಕಿಂತ ಹಿಂದಿನ ಮನೆಯಾದರೆ ಆ ದಿನ ಹೇಗಿತ್ತೋ ಹಾಗೆ. ನೀವು ಕೊಂಡಾಗ ಹೇಗಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಉದಾಹರಣೆ ನೋಡಿ. 1930ರ ದಶಕದ ಜೋಡಿ ಮನೆ. ಹಿಂದಿನ ಯಾವುದೋ ಮಾಲೀಕರು ಅಡುಗೆಮನೆಯನ್ನು ಎರಡು ಮೀಟರ್ ಹಿಂದಕ್ಕೆ ಬೆಳೆಸಿದ್ದಾರೆ. ಅದರಾಚೆ ಮೂರು ಮೀಟರಿನ ಕನ್ಸರ್ವೇಟರಿ ಬಂದಿದೆ. ಮಾಲೀಕರ ಕಣ್ಣಿಗೆ ಕಾಣುವುದು ಮೂರೇ ಮೀಟರ್. ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಲೆಕ್ಕದಲ್ಲಿ ಅದು ಐದು ಮೀಟರ್, ಏಕೆಂದರೆ ಹೊಸ ಭಾಗವನ್ನು ಅದು ಕೂಡಿಕೊಳ್ಳುವ ಹಳೆಯ ವಿಸ್ತರಣೆಯೊಂದಿಗೆ ಸೇರಿಸಿಯೇ ಅಳೆಯಬೇಕು. ಆ ಹಳೆಯ ಭಾಗ ಎರಡು ಅಂತಸ್ತಿನದಾಗಿದ್ದರೆ ಲೆಕ್ಕ ಇನ್ನೂ ಬಿಗಿ, ನೇರವಾಗಿ ಪ್ಲಾನಿಂಗ್ ಅರ್ಜಿಯ ದಾರಿ ಹಿಡಿಯಬೇಕಾಗುತ್ತದೆ.

ಮೂಲ ಗೋಡೆ ಪತ್ತೆ ಮಾಡುವುದು ಹೇಗೆ? ಮನೆಯ ಹೊರಗೆ ನಿಂತು ಪಕ್ಕದ ಗೋಡೆಯನ್ನು ಸಂಜೆಯ ಓರೆ ಬೆಳಕಿನಲ್ಲಿ ನೋಡಿ. ಇಟ್ಟಿಗೆಯ ಬಣ್ಣ ಬದಲಾಗುವ ಕಡೆ, ಇಟ್ಟಿಗೆ ಸಾಲುಗಳು ಒಂದಕ್ಕೊಂದು ಹೆಣೆದುಕೊಳ್ಳದೆ ಮೇಲಿಂದ ಕೆಳಗೆ ನೇರ ಗೆರೆ ಬಿದ್ದಿರುವ ಕಡೆ, ಅಲ್ಲಿ ಹಳೆಯದು ಮುಗಿದು ಹೊಸದು ಶುರುವಾಗಿದೆ. ಸಾಲಿನಲ್ಲಿ ಬದಲಾಗದೆ ಉಳಿದ ಮತ್ತೊಂದು ಮನೆಯೊಡನೆ ಹೋಲಿಸಿ. ಕೌನ್ಸಿಲ್‌ನ ಜಾಲತಾಣದಲ್ಲಿ ನಿಮ್ಮ ವಿಳಾಸ ಹಾಕಿ ಹಳೆಯ ಪ್ಲಾನಿಂಗ್ ಕಡತಗಳನ್ನು ತೆಗೆಯಿರಿ. ಸಿಕ್ಕಿದ ನಕ್ಷೆಗಳನ್ನೆಲ್ಲ ಉಳಿಸಿಕೊಳ್ಳಿ.

ಹಂತ 2: ಅನುಮತಿ ಇಲ್ಲದೆ ಕಟ್ಟುವ ಹಕ್ಕು ನಿಮಗೆ ಉಳಿದಿದೆಯೇ?

ಸಣ್ಣ ವಿಸ್ತರಣೆಗಳಿಗೆ ಪ್ಲಾನಿಂಗ್ ಅರ್ಜಿ ಬೇಡ. ‘ಪರ್ಮಿಟೆಡ್ ಡೆವಲಪ್‌ಮೆಂಟ್’ ಎಂಬ ಈ ಹಕ್ಕು 2015ರ ಸರ್ಕಾರಿ ಆದೇಶದಲ್ಲಿದೆ, ಮನೆಯ ವಿಸ್ತರಣೆ ಅದರ ‘ಕ್ಲಾಸ್ ಎ’ ಅಡಿಯಲ್ಲಿ ಬರುತ್ತದೆ. ಆದರೆ ಈ ಹಕ್ಕು ಎಲ್ಲರಿಗೂ ಇಲ್ಲ.

ಫ್ಲಾಟ್‌ಗಳಿಗೆ ಮತ್ತು ಎರಡಂತಸ್ತಿನ ಫ್ಲಾಟ್‌ಗಳಾದ ಮೇಸನೆಟ್‌ಗಳಿಗೆ ಇಲ್ಲವೇ ಇಲ್ಲ. ಕಚೇರಿ ಕಟ್ಟಡವನ್ನು ಈ ಬಗೆಯ ಹಕ್ಕಿನಲ್ಲೇ ಮನೆಯಾಗಿ ಬದಲಿಸಿದ್ದರೆ ಅಲ್ಲಿಯೂ ಇಲ್ಲ. ಕೆಲವು ಬೀದಿಗಳಲ್ಲಿ ಕೌನ್ಸಿಲ್ ‘ಆರ್ಟಿಕಲ್ 4’ ನಿರ್ದೇಶನ ಹೊರಡಿಸಿ ಹಕ್ಕನ್ನು ಹಿಂತೆಗೆದುಕೊಂಡಿರುತ್ತದೆ. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವಾದರೆ ಪ್ರತ್ಯೇಕ ಒಪ್ಪಿಗೆ ಪಡೆಯದೆ ಕನ್ಸರ್ವೇಟರಿಯನ್ನು ಕೆಡವುವುದೂ ತಪ್ಪಾಗಬಹುದು. ಕನ್ಸರ್ವೇಶನ್ ಏರಿಯಾದಲ್ಲಿ, ಅಂದರೆ ಹಳೆಯ ಸ್ವರೂಪ ಉಳಿಸಲು ಗುರುತಿಸಿದ ಪ್ರದೇಶದಲ್ಲಿ, ಹಕ್ಕು ಪೂರ್ತಿ ಹೋಗಿರುವುದಿಲ್ಲ, ಮೊಟಕಾಗಿರುತ್ತದೆ: ಮನೆಯ ಪಕ್ಕಕ್ಕೆ ಕಟ್ಟುವಂತಿಲ್ಲ, ಗೋಡೆಗೆ ಕಲ್ಲು, ಮರ, ಪ್ಲಾಸ್ಟಿಕ್ಕಿನ ಹೊದಿಕೆ ಹಾಕುವಂತಿಲ್ಲ.

ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಇನ್ನೊಂದರಲ್ಲಿ. ಹೊಸ ಬಡಾವಣೆಯ ಮನೆಗಳಿಗೆ ಮೂಲ ಅನುಮತಿ ಕೊಡುವಾಗಲೇ ಕೌನ್ಸಿಲ್ ಒಂದು ಷರತ್ತಿನಿಂದ ಈ ಹಕ್ಕನ್ನು ತೆಗೆದುಹಾಕಿರಬಹುದು. ಮನೆ ಮಾರುವ ದಲ್ಲಾಳಿ ಇದನ್ನು ಹೇಳುವುದಿಲ್ಲ. ಬಡಾವಣೆಯ ಮೂಲ ಅನುಮತಿ ಪತ್ರ ಹುಡುಕಿ, ಅದರ ಷರತ್ತುಗಳನ್ನು ಕೊನೆಯ ಸಾಲಿನ ತನಕ ಓದಿ. ಟೈಟಲ್ ರಿಜಿಸ್ಟರಿನಲ್ಲಿರುವ ಖಾಸಗಿ ನಿರ್ಬಂಧಗಳನ್ನೂ ನೋಡಿ. ಬಡಾವಣೆ ಕಟ್ಟಿದವರ ಒಪ್ಪಿಗೆ ಇಲ್ಲದೆ ವಿಸ್ತರಿಸಬಾರದು ಎಂಬ ಕರಾರು ಅಲ್ಲಿರಬಹುದು, ಪ್ಲಾನಿಂಗ್ ಅನುಮತಿಯಿಂದ ಆ ಕರಾರು ಸಡಿಲವಾಗುವುದಿಲ್ಲ.

ಹಂತ 3: ಹೊರಗಿನಿಂದ ಅಳೆಯಿರಿ

ಹಕ್ಕು ಉಳಿದಿದೆ ಎಂದಾದರೆ ಒಂದಂತಸ್ತಿನ ಹಿಂಬದಿಯ ವಿಸ್ತರಣೆಗೆ ಮಿತಿಗಳು ಹೀಗಿವೆ. ಬಿಡಿ ಮನೆಗೆ ಮೂಲ ಹಿಂಗೋಡೆಯಿಂದ 4 ಮೀಟರ್, ಜೋಡಿ ಮನೆಗೆ ಮತ್ತು ಸಾಲುಮನೆಗೆ 3 ಮೀಟರ್. ಒಟ್ಟು ಎತ್ತರ 4 ಮೀಟರ್ ಮೀರಬಾರದು. ಬೇಲಿಯಿಂದ 2 ಮೀಟರ್ ಒಳಗೆ ಬರುವುದಾದರೆ ಸೂರಿನ ಎತ್ತರ 3 ಮೀಟರ್ ಮೀರಬಾರದು. ಮೂಲ ಮನೆ ನಿಂತ ನೆಲವನ್ನು ಬಿಟ್ಟು ಉಳಿದ ನಿವೇಶನದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಟ್ಟಡಗಳಿಂದ ತುಂಬಬಾರದು. ಹಿತ್ತಲಿನ ಶೆಡ್ಡು, ಬಿಡಿ ಗ್ಯಾರೇಜು ಕೂಡ ಈ ಅರ್ಧದೊಳಗೇ ಬರುತ್ತವೆ.

ಆಳವನ್ನು ಅಳೆಯುವುದು ಮೂಲ ಹಿಂಗೋಡೆಯ ಬುಡದಿಂದ ಹೊಸ ಗೋಡೆಯ ಹೊರಮೈಯವರೆಗೆ. ಕನ್ಸರ್ವೇಟರಿಯ ಚೌಕಟ್ಟು ಅಂಗೈ ಅಗಲವೂ ಇರುವುದಿಲ್ಲ. ಇಟ್ಟಿಗೆ, ಶಾಖ ತಡೆಯುವ ಪದರ, ಬ್ಲಾಕು, ಪ್ಲಾಸ್ಟರು ಸೇರಿದ ಹೊಸ ಗೋಡೆ ಸುಮಾರು 300ರಿಂದ 350 ಮಿಲಿಮೀಟರ್ ದಪ್ಪ. ಹೀಗಾಗಿ ಹೊರಗಿನಿಂದ 3 ಮೀಟರ್ ಇರುವ ವಿಸ್ತರಣೆಯೊಳಗೆ ಸಿಗುವುದು ಸುಮಾರು 2.65 ಮೀಟರ್. ಒಳಗೆ 3 ಮೀಟರ್ ಬೇಕೆಂದು ಗೋಡೆಯನ್ನು ಹೊರಗೆ ತಳ್ಳಿದರೆ ಮಿತಿ ಮೀರಿತು. ಮಂಚ, ಅಲ್ಮೇರ, ಓಡಾಡಲು ಜಾಗ, ಎಲ್ಲವನ್ನೂ ಆ 2.65ರೊಳಗೆ ಕಾಗದದ ಮೇಲೆ ಇಟ್ಟು ನೋಡಿ.

ಸಾಲುಮನೆಗಳಲ್ಲಿ ಮತ್ತೊಂದು ತೊಡಕಿದೆ. ವಿಕ್ಟೋರಿಯಾ ಕಾಲದ ಮನೆಗಳ ಹಿಂಭಾಗ ಇಂಗ್ಲಿಷಿನ ‘ಎಲ್’ ಆಕಾರದಲ್ಲಿರುತ್ತದೆ. ಆ ಒಳಮೂಲೆಯಲ್ಲಿ ಕನ್ಸರ್ವೇಟರಿ ಕೂತಿದ್ದರೆ, ಅಲ್ಲಿ ಕಟ್ಟುವುದು ಹಿಂಬದಿಯ ವಿಸ್ತರಣೆ ಮಾತ್ರವಲ್ಲ, ಪಕ್ಕದ ಗೋಡೆಯಾಚೆಗಿನದೂ ಆಗುತ್ತದೆ. ಪಕ್ಕದ ವಿಸ್ತರಣೆಯ ಅಗಲ ಮೂಲ ಮನೆಯ ಅಗಲದ ಅರ್ಧವನ್ನು ದಾಟಬಾರದು. ಮೂಲೆ ತುಂಬಿ, ಹಿಂದಕ್ಕೂ ಚಾಚಿ, ಎರಡನ್ನೂ ಒಂದಾಗಿ ಸುತ್ತಿ ಕಟ್ಟಿದರೆ ಸಾಮಾನ್ಯವಾಗಿ ಪೂರ್ಣ ಅರ್ಜಿಯೇ ಬೇಕಾಗುತ್ತದೆ.

ಇನ್ನು ಗೋಡೆಯ ರೂಪ. ಹೊರಗೆ ಬಳಸುವ ಸಾಮಗ್ರಿ ಮನೆಯ ಸಾಮಗ್ರಿಯಂತೆಯೇ ಕಾಣಬೇಕು ಎಂಬ ಷರತ್ತಿನಿಂದ ಕನ್ಸರ್ವೇಟರಿಗೆ ವಿನಾಯಿತಿ ಇದೆ. ಇಟ್ಟಿಗೆಯ ವಿಸ್ತರಣೆಗೆ ಇಲ್ಲ. ಕೆಂಪು ಇಟ್ಟಿಗೆಯ ಮನೆಗೆ ಬೂದುಬಣ್ಣದ ಹೊದಿಕೆ ಹಾಕುವ ಆಸೆಯಿದ್ದರೆ ಅರ್ಜಿ ಹಾಕಿಯೇ ಮುಂದುವರಿಯಿರಿ.

ಹಂತ 4: ಮೂರು ದಾರಿಗಳಲ್ಲಿ ನಿಮ್ಮದು ಯಾವುದು

ಅಳತೆಯೆಲ್ಲ ಮಿತಿಯೊಳಗಿದ್ದರೆ ಮೊದಲನೆಯ ದಾರಿ: ಪ್ಲಾನಿಂಗ್ ಅರ್ಜಿ ಬೇಡ, ಆದರೆ ‘ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್’ (ಕಟ್ಟಡ ಕಾನೂನುಬದ್ಧವೆಂದು ಕೌನ್ಸಿಲ್ ಕೊಡುವ ಪತ್ರ) ಪಡೆಯಿರಿ. ಇದು ಕಡ್ಡಾಯವಲ್ಲ. ಆದರೂ ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುವುದು ಇದನ್ನೇ. ಮನೆ ಮಾರುವ ದಿನ ಕೊಳ್ಳುವವರ ವಕೀಲರು ಕೇಳುವ ಮೊದಲ ಕಾಗದ ಇದು. ಶುಲ್ಕ ಪೂರ್ಣ ಅರ್ಜಿಯ ಅರ್ಧ.

ಎರಡನೆಯದು, 3 ಅಥವಾ 4 ಮೀಟರಿಗಿಂತ ಆಳ ಬೇಕಾದವರಿಗೆ. ಜೋಡಿ ಮನೆ, ಸಾಲುಮನೆಗೆ 6 ಮೀಟರ್, ಬಿಡಿ ಮನೆಗೆ 8 ಮೀಟರ್‌ವರೆಗೆ ‘ಪ್ರಯರ್ ಅಪ್ರೂವಲ್’ (ಪೂರ್ಣ ಅರ್ಜಿಯಿಲ್ಲದ ಮುಂಚಿತ ಒಪ್ಪಿಗೆ) ಕೇಳಬಹುದು. ತಾತ್ಕಾಲಿಕವಾಗಿದ್ದ ಈ ಅವಕಾಶ 2019ರಲ್ಲಿ ಕಾಯಂ ಆಯಿತು. ಕೌನ್ಸಿಲ್ ಅಕ್ಕಪಕ್ಕದವರಿಗೆ ಪತ್ರ ಬರೆದು ಕನಿಷ್ಠ 21 ದಿನ ಕೊಡುತ್ತದೆ. ಯಾರಾದರೂ ಆಕ್ಷೇಪಿಸಿದರೆ ಮಾತ್ರ ನಿಮ್ಮ ವಿಸ್ತರಣೆ ಅವರ ಬೆಳಕು, ನೆಮ್ಮದಿಗಳಿಗೆ ಏನು ಮಾಡುತ್ತದೆಂದು ತೂಗಿ ನೋಡುತ್ತದೆ. ಒಟ್ಟು 42 ದಿನ. ಕನ್ಸರ್ವೇಶನ್ ಏರಿಯಾದಲ್ಲಿ ಈ ದಾರಿ ಇಲ್ಲ. ದಯವಿಟ್ಟು ಗಮನಿಸಿ: ಕೆಲಸ ಶುರು ಮಾಡಿದ ಮೇಲೆ ಈ ಅರ್ಜಿ ಹಾಕುವಂತಿಲ್ಲ. ಅಡಿಪಾಯ ತೋಡಿದ ಮರುದಿನ ನೆನಪಾದರೆ ಉಳಿಯುವುದು ಪೂರ್ಣ ಅರ್ಜಿಯೊಂದೇ, ಅದೂ ಸಿಗುತ್ತದೆಂಬ ಭರವಸೆಯಿಲ್ಲದೆ.

ಮೂರನೆಯದು ಪೂರ್ಣ ಪ್ಲಾನಿಂಗ್ ಅರ್ಜಿ. ಒಂದು ಮನೆಯ ವಿಸ್ತರಣೆಗೆ ಇದರ ಶುಲ್ಕ 2025ರ ಏಪ್ರಿಲ್ 1ರಂದು 258 ಪೌಂಡಿನಿಂದ 528 ಪೌಂಡಿಗೆ ಏರಿತು. ಏಪ್ರಿಲ್ ಬಂದಾಗಲೆಲ್ಲ ಹೊಸ ದರ ನೋಡಿಕೊಳ್ಳಿ. ತೀರ್ಮಾನಕ್ಕೆ ಸಾಮಾನ್ಯವಾಗಿ 8 ವಾರ. ಬಹಳಷ್ಟು ಕೌನ್ಸಿಲ್‌ಗಳು 45 ಡಿಗ್ರಿ ಲೆಕ್ಕ ಬಳಸುತ್ತವೆ: ಪಕ್ಕದ ಮನೆಯ ಹತ್ತಿರದ ಕಿಟಕಿಯಿಂದ 45 ಡಿಗ್ರಿ ಗೆರೆ ಎಳೆದರೆ ನಿಮ್ಮ ಗೋಡೆ ಅದನ್ನು ಕಡಿಯಬಾರದು. ಗಾಜಿನ ಕೋಣೆಯ ಮೂಲಕ ಅವರಿಗೆ ಬೆಳಕು ಹಾಯುತ್ತಿತ್ತು, ಇಟ್ಟಿಗೆ ಗೋಡೆಯಿಂದ ಹಾಯುವುದಿಲ್ಲ. ಹಳೆಯ ಕನ್ಸರ್ವೇಟರಿಯಷ್ಟೇ ಉದ್ದದ ವಿಸ್ತರಣೆ ತಿರಸ್ಕೃತವಾಗಬಹುದಾದದ್ದು ಇದರಿಂದಲೇ.

ಅನುಮತಿ ಇಲ್ಲದೆ ಕಟ್ಟಿ ನಾಲ್ಕು ವರ್ಷ ಕಳೆದರೆ ಯಾರೂ ಕೇಳುವುದಿಲ್ಲ ಎಂಬ ಹಳೆಯ ಮಾತನ್ನು ನಂಬಬೇಡಿ. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ಆ ಅವಧಿ ಹತ್ತು ವರ್ಷವಾಗಿದೆ.

ಹಂತ 5: ನೆಲದ ಕೆಳಗೆ ಏನಿದೆ ನೋಡಿ

ಎಲ್ಲಕ್ಕಿಂತ ಹೆಚ್ಚು ಹಣ ಮುಳುಗುವುದು ಇಲ್ಲಿ. ಬಿಲ್ಡರ್‌ನಿಂದ ದರ ಕೇಳುವ ಮೊದಲೇ ಕನ್ಸರ್ವೇಟರಿಯ ಹೊರಮೂಲೆಯಲ್ಲಿ ಒಂದು ಗುಂಡಿ ತೋಡಿ. ನಮ್ಮ ಮನೆಯಲ್ಲಿ ತೋಡಿದಾಗ ಸನಿಕೆ ಮೊಣಕಾಲುದ್ದ ಇಳಿಯುವ ಮುಂಚೆಯೇ ಕಾಂಕ್ರೀಟಿನ ತಳ ಮುಗಿದುಹೋಯಿತು. ಅದರಡಿಯಲ್ಲಿ ಹಳದಿ ಜೇಡಿಮಣ್ಣು, ಮಣ್ಣಿನೊಳಗೆ ಬೆರಳು ದಪ್ಪದ ಬೇರು. ‘ಅಡಿಪಾಯ ಹೇಗೂ ಇದೆ, ಗೋಡೆ ಎಬ್ಬಿಸಿದರಾಯಿತು’ ಎಂದು ಬಿಲ್ಡರ್ ಹೇಳಿದ್ದ ಮಾತು ಆ ಗುಂಡಿಯಲ್ಲೇ ಮುಗಿಯಿತು.

ಕನ್ಸರ್ವೇಟರಿಯ ತಳಪಾಯ ಹಗುರ ಗಾಜನ್ನು ಹೊರಲೆಂದು ಹಾಕಿದ್ದು. ಎರಡು ಪದರದ ಗೋಡೆ, ಹೆಂಚಿನ ಚಾವಣಿ ಹೊರಲು ಹೊಸ ಅಡಿಪಾಯ ಬೇಕಾಗುವುದೇ ಹೆಚ್ಚು. ಲಂಡನ್ ಮತ್ತು ಸುತ್ತಲಿನ ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗಿ ಚಳಿಗಾಲದಲ್ಲಿ ಉಬ್ಬುತ್ತದೆ. ಅಲ್ಲಿ ಒಂದು ಮೀಟರ್ ಆಳ ಆರಂಭ ಮಾತ್ರ, ಹತ್ತಿರ ಓಕ್ ಅಥವಾ ವಿಲೋ ಮರವಿದ್ದರೆ ಇನ್ನೂ ಬಹಳ ಕೆಳಗಿಳಿಯಬೇಕಾಗುತ್ತದೆ. ಎಷ್ಟು ಸಾಕು ಎನ್ನುವುದನ್ನು ಗುಂಡಿಯೊಳಗೆ ನೋಡಿದ ಮೇಲೆ ಬಿಲ್ಡಿಂಗ್ ಇನ್ಸ್‌ಪೆಕ್ಟರ್ ಹೇಳುತ್ತಾರೆ.

ಎರಡನೆಯದು ಒಳಚರಂಡಿ. ಕನ್ಸರ್ವೇಟರಿಯ ನೆಲವನ್ನು ಮುಷ್ಟಿಯಿಂದ ಬಡಿಯುತ್ತ ಹೋಗಿ. ಎಲ್ಲಾದರೂ ಟೊಳ್ಳು ಸದ್ದು ಬಂದರೆ ಹಾಸಿನ ಕೆಳಗೆ ಮ್ಯಾನ್‌ಹೋಲ್ ಇರಬಹುದು. ಹಲವು ಮನೆಗಳು ಹಂಚಿಕೊಂಡ ಕೊಳವೆಗಳಲ್ಲಿ ಬಹುಪಾಲು 2011ರ ಅಕ್ಟೋಬರ್ 1ರಂದು ನೀರಿನ ಕಂಪನಿಗಳ ವಶಕ್ಕೆ ಹೋದವು. ಆದ್ದರಿಂದ ನಿಮ್ಮ ಹಿತ್ತಲಲ್ಲಿ ಹರಿಯುವ ಕೊಳವೆ ನಿಮ್ಮದಲ್ಲದೆ ಇರಬಹುದು. ಸಾರ್ವಜನಿಕ ಕೊಳವೆಯ ಮೇಲೆ ಅಥವಾ ಅದರ 3 ಮೀಟರ್ ಒಳಗೆ ಕಟ್ಟಲು ಕಂಪನಿಯ ‘ಬಿಲ್ಡ್ ಓವರ್’ ಒಪ್ಪಿಗೆ ಬೇಕು. ಕೆಲಸ ಶುರುವಾಗುವ ಮುಂಚೆ ಬೇಕು.

ಹಂತ 6: ಪಕ್ಕದ ಮನೆಯ ಬಾಗಿಲು ತಟ್ಟಿ

1996ರ ಪಾರ್ಟಿ ವಾಲ್ ಕಾಯ್ದೆಗೂ ಪ್ಲಾನಿಂಗ್‌ಗೂ ಸಂಬಂಧವಿಲ್ಲ. ಪಕ್ಕದ ಕಟ್ಟಡದಿಂದ 3 ಮೀಟರ್ ಒಳಗೆ, ಅವರ ಅಡಿಪಾಯಕ್ಕಿಂತ ಕೆಳಗೆ ತೋಡುವುದಾದರೆ ಒಂದು ತಿಂಗಳು ಮೊದಲು ಲಿಖಿತ ನೋಟಿಸ್ ಕೊಡಬೇಕು. ಗಡಿರೇಖೆಯ ಮೇಲೆಯೇ ಹೊಸ ಗೋಡೆ ಎಬ್ಬಿಸಲೂ ಒಂದು ತಿಂಗಳು. ಇಬ್ಬರಿಗೂ ಸೇರಿದ ಗೋಡೆಯನ್ನು ಕಡಿದು ಬೀಮು ಕೂರಿಸಲು ಎರಡು ತಿಂಗಳು.

ತೋಡುವ ನೋಟಿಸಿಗೆ 14 ದಿನದಲ್ಲಿ ಉತ್ತರ ಬಾರದಿದ್ದರೆ ಕಾನೂನು ಅದನ್ನು ಒಪ್ಪಿಗೆ ಎನ್ನುವುದಿಲ್ಲ, ವಿವಾದ ಎನ್ನುತ್ತದೆ. ಆಗ ಸರ್ವೇಯರ್ ನೇಮಕವಾಗಬೇಕು, ಸಾಮಾನ್ಯವಾಗಿ ಖರ್ಚು ಕಟ್ಟುವವರದು. ನಕ್ಷೆ ಹಿಡಿದು ಹೋಗಿ ಅರ್ಧ ಗಂಟೆ ಕೂತು ಮಾತನಾಡಿ, ಎಷ್ಟು ವಾರ ಸದ್ದಿರುತ್ತದೆ, ಬೇಲಿ ಯಾವಾಗ ತೆಗೆಯುತ್ತೀರಿ ಎಂದು ಹೇಳಿ. ಆಮೇಲೆ ನೋಟಿಸ್ ಕೈಗೆ ಕೊಡಿ. ಮೊದಲೇ ಮಾತಾಡದೆ ಅಂಚೆಯಲ್ಲಿ ಬಂದ ನೋಟಿಸ್ ಎಂಥ ಒಳ್ಳೆಯ ನೆರೆಯವರನ್ನೂ ನೋಯಿಸುತ್ತದೆ. ಅವರ ಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳ ಫೋಟೋವನ್ನು ಅವರೊಂದಿಗೇ ನಿಂತು ತೆಗೆದಿಡಿ.

ಹಂತ 7: ಬಿಲ್ಡಿಂಗ್ ಕಂಟ್ರೋಲ್

ಕನ್ಸರ್ವೇಟರಿಗಳಲ್ಲಿ ಹೆಚ್ಚಿನವು ಬಿಲ್ಡಿಂಗ್ ರೆಗ್ಯುಲೇಶನ್‌ಗಳಿಂದ ಹೊರಗುಳಿದಿರುತ್ತವೆ. ನೆಲಮಟ್ಟದಲ್ಲಿದ್ದು, 30 ಚದರ ಮೀಟರಿಗಿಂತ ಚಿಕ್ಕದಾಗಿದ್ದು, ಮನೆಗೂ ಅದಕ್ಕೂ ನಡುವೆ ಹೊರಬಾಗಿಲಿನಂಥ ಬಾಗಿಲಿದ್ದು, ಮನೆಯ ಹೀಟಿಂಗ್ ಅಲ್ಲಿಗೆ ಹೋಗದಿದ್ದರೆ ಈ ವಿನಾಯಿತಿ. ಗಟ್ಟಿ ವಿಸ್ತರಣೆಗೆ ಯಾವ ವಿನಾಯಿತಿಯೂ ಇಲ್ಲ. ಹಳೆಯ ಚೌಕಟ್ಟನ್ನು ಉಳಿಸಿ ಚಾವಣಿಯನ್ನಷ್ಟೇ ಹೆಂಚಿನದಾಗಿ ಬದಲಿಸುವವರೂ ಇಲ್ಲಿಗೆ ಬರಲೇಬೇಕು, ಚೌಕಟ್ಟು ಮತ್ತು ತಳಪಾಯ ಆ ಭಾರ ತಡೆಯುತ್ತವೆಂದು ತೋರಿಸಬೇಕು.

ಅರ್ಜಿಗೆ ಎರಡು ಬಗೆ. ‘ಬಿಲ್ಡಿಂಗ್ ನೋಟಿಸ್’ ಬೇಗ ಆಗುತ್ತದೆ, ಆದರೆ ನಕ್ಷೆಯನ್ನು ಯಾರೂ ಮೊದಲೇ ಪರಿಶೀಲಿಸಿರುವುದಿಲ್ಲ, ಸಾರ್ವಜನಿಕ ಕೊಳವೆಯ ಬಳಿ ಅದನ್ನು ಬಳಸುವಂತೆಯೂ ಇಲ್ಲ. ‘ಫುಲ್ ಪ್ಲಾನ್ಸ್’ಗೆ ಐದು ವಾರ, ನೀವು ಒಪ್ಪಿದರೆ ಎರಡು ತಿಂಗಳವರೆಗೆ ಹಿಡಿಯುತ್ತದೆ. ಮೊದಲ ಬಾರಿ ಕಟ್ಟಿಸುವವರು ಎರಡನೆಯದನ್ನೇ ಆರಿಸಿಕೊಳ್ಳಿ.

ಶಾಖ ಸೋರಿಕೆಯ ಅಳತೆ ಯು-ವ್ಯಾಲ್ಯೂ, ಅದು ಈ ಮಿತಿಗಳನ್ನು ಮೀರಬಾರದು: ಗೋಡೆಗೆ ಮತ್ತು ನೆಲಕ್ಕೆ 0.18, ಚಾವಣಿಗೆ 0.15, ಕಿಟಕಿಗೆ 1.4. ಇದನ್ನು ಬಿಲ್ಡರ್ ನೋಡಿಕೊಳ್ಳುತ್ತಾರೆ. ನಿಮ್ಮ ಆಸೆಗೆ ತಡೆ ಬರುವುದು ಗಾಜಿನ ಲೆಕ್ಕದಲ್ಲಿ. ಗಾಜಿನ ಒಟ್ಟು ವಿಸ್ತೀರ್ಣ ಹೊಸ ಕೋಣೆಯ ನೆಲದ ಶೇಕಡಾ 25 ಮತ್ತು ವಿಸ್ತರಣೆಯಿಂದ ಮುಚ್ಚಿಹೋಗುವ ಹಳೆಯ ಬಾಗಿಲು ಕಿಟಕಿಗಳ ವಿಸ್ತೀರ್ಣ, ಇವೆರಡರ ಮೊತ್ತವನ್ನು ಮೀರಬಾರದು. 12 ಚದರ ಮೀಟರಿನ ಕೋಣೆಗೆ ಶೇಕಡಾ 25 ಎಂದರೆ 3. ಹಳೆಯ ಹಿಂಬಾಗಿಲು 1.8 ಮೀಟರ್ ಅಗಲ, 2.1 ಮೀಟರ್ ಎತ್ತರವಿದ್ದರೆ 3.78. ಒಟ್ಟು 6.78. ನೀವು ಬಯಸಿದ ಮಡಚುವ ಬಾಗಿಲು 3.5 ಮೀಟರ್ ಅಗಲ, 2.1 ಎತ್ತರವಾದರೆ ಅದೊಂದೇ 7.35 ಆಯಿತು. ಚಾವಣಿಯ ಗಾಜು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮೀರಲೇಬೇಕೆಂದರೆ ಬೇರೆ ಕಡೆ ಶಾಖ ಉಳಿಸಿ ಸರಿದೂಗಿಸುವ ಲೆಕ್ಕ ಕೊಡಬೇಕು. ಬಾಗಿಲಿಗೆ ಮುಂಗಡ ಕಟ್ಟುವ ಮೊದಲು ಇದನ್ನು ಮಾಡಿ.

ಹಂತ 8: ಕೆಡವುವ ದಿನ ಮತ್ತು ಅನಂತರ

ನಾಲ್ಕೂ ಕಡೆಯ ಕಾಗದ ಕೈಗೆ ಬಂದ ಮೇಲೆಯೇ ಕನ್ಸರ್ವೇಟರಿಗೆ ಕೈ ಹಾಕಿ. ಅದಕ್ಕೂ ಮೊದಲು ಪಕ್ಕದಲ್ಲಿ ಟೇಪು ಹಿಡಿದು ಉದ್ದ, ಅಗಲ, ಎತ್ತರಗಳ ಫೋಟೋ ತೆಗೆದಿಡಿ. ಮನೆ ವಿಮೆಯವರಿಗೆ ಮತ್ತು ಸಾಲ ಕೊಟ್ಟವರಿಗೆ ತಿಳಿಸಿ. ಅವಶೇಷ ತುಂಬುವ ಸ್ಕಿಪ್ ರಸ್ತೆಯ ಮೇಲೆ ನಿಲ್ಲುವುದಾದರೆ ಕೌನ್ಸಿಲ್‌ನ ಪರವಾನಗಿ ಬೇಕು.

ಬಿಲ್ಡರ್ ಜೊತೆ ಮಾತಾಡುವಾಗ ಈ ಮಾತುಗಳು ಕೇಳಿಬಂದರೆ ಅಲ್ಲಿಯೇ ನಿಲ್ಲಿ: ‘ಹಳೆಯ ತಳಪಾಯವೇ ಸಾಕು.’ ‘ಇನ್ಸ್‌ಪೆಕ್ಟರನ್ನು ಆಮೇಲೆ ಕರೆಯೋಣ.’ ‘ಮ್ಯಾನ್‌ಹೋಲ್ ಮೇಲೆ ಕಾಂಕ್ರೀಟ್ ಹಾಕಿಬಿಡೋಣ.’ ‘ಸರ್ಟಿಫಿಕೇಟ್ ದುಡ್ಡು ದಂಡ.’ ಅರ್ಧಕ್ಕಿಂತ ಹೆಚ್ಚು ಹಣವನ್ನು ಮುಂಗಡವಾಗಿ ಕೇಳುವವರಿಂದಲೂ ದೂರವಿರಿ. ಹಣವನ್ನು ತಪಾಸಣೆಗಳಿಗೆ ಕಟ್ಟಿಹಾಕಿ: ಅಡಿಪಾಯ ಪಾಸಾದ ಮೇಲೆ ಒಂದು ಕಂತು, ಚಾವಣಿ ಮುಚ್ಚಿದ ಮೇಲೆ ಒಂದು, ಕೊನೆಯದು ಬಿಲ್ಡಿಂಗ್ ಕಂಟ್ರೋಲ್ ಪೂರ್ಣತಾ ಪ್ರಮಾಣಪತ್ರ ಕೊಟ್ಟ ದಿನ.

ಇನ್ಸ್‌ಪೆಕ್ಟರ್ ನೋಡುವ ಮುನ್ನ ಏನನ್ನೂ ಮುಚ್ಚಲು ಬಿಡಬೇಡಿ. ತೋಡಿದ ಗುಂಡಿ, ತೇವ ತಡೆಯುವ ಪದರ, ಕೊಳವೆ, ಉಕ್ಕಿನ ಬೀಮು, ಶಾಖ ತಡೆಯುವ ಹಲಗೆ, ಪ್ರತಿಯೊಂದರ ಫೋಟೋ ದಿನಾಂಕದೊಡನೆ ನಿಮ್ಮ ಬಳಿಯೂ ಇರಲಿ. ಮುಚ್ಚಿದ ಮೇಲೆ ಅನುಮಾನ ಬಂದರೆ ಒಡೆದು ತೋರಿಸಬೇಕಾದವರು ನೀವೇ.

ಪ್ರಯರ್ ಅಪ್ರೂವಲ್ ಪಡೆದು ಕಟ್ಟಿದ್ದರೆ ಕೆಲಸ ಮುಗಿದದ್ದನ್ನು ಕೌನ್ಸಿಲ್‌ಗೆ ಲಿಖಿತವಾಗಿ ತಿಳಿಸುವುದು ಅದರ ಷರತ್ತುಗಳಲ್ಲೊಂದು. ಪೂರ್ಣತಾ ಪ್ರಮಾಣಪತ್ರ, ಬೀಮಿನ ಲೆಕ್ಕ, ವಿದ್ಯುತ್ ಪ್ರಮಾಣಪತ್ರ, ಪಾರ್ಟಿ ವಾಲ್ ಒಪ್ಪಿಗೆ, ನೀರಿನ ಕಂಪನಿಯ ಪತ್ರ, ಎಲ್ಲವನ್ನೂ ಒಂದೇ ಕಡತದಲ್ಲಿಟ್ಟು ಇನ್ನೊಂದು ಪ್ರತಿಯನ್ನು ಬೇರೆ ಕಡೆ ಉಳಿಸಿ.